ಮೊದಲು ನಿಮ್ಮ ಜೇಬು ತೋರಿಸಿ

ಬೀರುವಿನ ಬೀಗ ಹಾಕಿದಂತೆಯೇ ಇತ್ತು. ಒಳಗಿದ್ದ ಗಂಜೀಫಾ ಪೆಟ್ಟಿಗೆ ಮಾತ್ರ ಇರಲಿಲ್ಲ.

ಲಕ್ಷ್ಮೀಪುರಂನ ಸುಂದರಮ್ಮನ ಅಜ್ಜ ಅರಮನೆಯ ಚಿತ್ರಗಾರರು. ಅವರು ಕೈಯಾರೆ ಬರೆದ ನೂರಿಪ್ಪತ್ತು ದುಂಡನೆಯ ಆಟದೆಲೆಗಳು, ಅಂಗೈಯಗಲದ ಪೆಟ್ಟಿಗೆಯಲ್ಲಿದ್ದವು.

"ಬೀಗದ ಕೈ ಎಲ್ಲಿರುತ್ತೆ ಅಂತ ಯಾರಿಗೆ ಗೊತ್ತು?" ಕೇಳಿದಳು ಬಿಂದು. ಇನ್ನೂ ತರಬೇತಿಯಲ್ಲಿದ್ದ ಸಬ್‌ಇನ್‌ಸ್ಪೆಕ್ಟರ್.

"ನನಗೆ. ನನ್ನ ತಂಗಿ ಮಗ ಈ ಸುದರ್ಶನನಿಗೆ. ಕೆಲಸದ ಪುಟ್ಟಮಾದಮ್ಮಂಗೆ."

"ಅವಳದೇ ಕೆಲಸ," ಅಂದ ಸುದರ್ಶನ. "ಬನ್ನಿ, ಅವಳ ಮನೆ ತೋರಿಸ್ತೀನಿ."

* * *

ಪುಟ್ಟಮಾದಮ್ಮನ ಮನೆಯಿದ್ದ ಉದಯಗಿರಿ ತಲುಪಿದಾಗ ಸಂಜೆ ಆರು. ಶೋಧಕ್ಕೆ ಕಾರಣ ಬರೆದಿಟ್ಟೇ ಬಂದಿದ್ದಳು ಬಿಂದು. ಬೀದಿಯಲ್ಲೇ ಮೊಬೈಲ್ ಕ್ಯಾಮೆರಾ ಆನ್ ಮಾಡಿದಳು. ಮುಂಬಾಗಿಲು, ಓಣಿ, ಹಿತ್ತಲು, ಬಚ್ಚಲ ಮೇಲಿನ ತಗಡಿನ ಶೀಟು. ಮನೆ ಸುತ್ತ ಒಂದು ಸುತ್ತು ಹಾಕಿದಳು.

"ಮದುವೆ ವಿಡಿಯೋನಾ ಮೇಡಂ ಇದು?" ಗೊಣಗಿದ ಎಎಸ್‌ಐ ಶಿವಮಲ್ಲಪ್ಪ.

ಶೋಧಕ್ಕೆ ಸಾಕ್ಷಿ ನಿಲ್ಲುವ ಪಂಚರಾಗಿ ಪಕ್ಕದ ಮನೆಯ ಟೈಲರ್ ಮಹದೇವು, ಹೂವಿನ ಲಕ್ಷ್ಮಮ್ಮ ಬಂದರು. ಪುಟ್ಟಮಾದಮ್ಮ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಒಳಕ್ಕೆ ಬರೋರು ಮೊದ್ಲು ನಿಮ್ಮ ಜೇಬು ತೋರ್ಸಿ. ನೀವೇ ಏನಾರ ಇಟ್ಟುಬುಟ್ರೆ?"

"ಏಯ್, ಪೊಲೀಸರಿಗೇ ಹೇಳ್ತೀಯಾ?" ಗದರಿದ ಶಿವಮಲ್ಲಪ್ಪ.

"ಅವರು ಕೇಳೋದು ಸರಿಯಾಗೇ ಇದೆ," ಅಂದಳು ಬಿಂದು. ಮೊದಲು ತನ್ನ ಜೇಬನ್ನೇ ಹೊರಗೆಳೆದು ತೋರಿಸಿದಳು. ಆಮೇಲೆ ಶಿವಮಲ್ಲಪ್ಪ, ಪಂಚರು. ಸುದರ್ಶನ ಹಿಂದೆ ಸರಿದ.

"ನಾನ್ಯಾಕೆ? ನಾನು ಪೊಲೀಸ್ ಅಲ್ವಲ್ಲ."

"ಹಾಗಾದ್ರೆ ಹೊರಗೇ ಇರಿ."

ಅರ್ಧ ಗಂಟೆ ಹುಡುಕಿದರು. ಟ್ರಂಕು, ಅಕ್ಕಿ ಡ್ರಮ್ಮು, ದೇವರ ಗೂಡು. ಏನೂ ಇಲ್ಲ.

"ಹಿತ್ತಲು ನೋಡಿದ್ರಾ?" ಬೀದಿಯಿಂದ ಕೂಗಿದ ಸುದರ್ಶನ. "ಬಚ್ಚಲ ಮೇಲೆ?"

ಶೀಟಿನ ಮೇಲೆ ಪೆಟ್ಟಿಗೆ ಕೂತಿತ್ತು.

"ನನ್ನ ಕೈ ಅದನ್ನ ಮುಟ್ಟಿಲ್ಲ," ಅಂದಳು ಪುಟ್ಟಮಾದಮ್ಮ. ಅಳಲಿಲ್ಲ. ಸೆರಗು ಬಿಗಿದು ನಿಂತಳು.

* * *

ಶಿವಮಲ್ಲಪ್ಪ ಆಗಲೇ ಸ್ಟೇಷನ್ನಿಗೆ ಸುದ್ದಿ ಮುಟ್ಟಿಸಿದ್ದ. ಇನ್‌ಸ್ಪೆಕ್ಟರ್ ಬಿಂದುಗೆ ಫೋನ್ ಮಾಡಿದರು.

"ಸಿಕ್ತಲ್ಲ, ಅರೆಸ್ಟ್ ಮಾಡಿ ಕರ್ಕೊಂಡ್ ಬಾ."

"ಹೊತ್ತು ಮುಳುಗಿದೆ ಸರ್. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಹೆಂಗಸರನ್ನ ಬಂಧಿಸೋ ಹಾಗಿಲ್ಲ."

"ಐದೂವರೆ ಅಂತ ಟೈಮ್ ಬರ್ಕೊ."

"ಬರೆಯಲ್ಲ ಸರ್."

"ನಿನ್ನ ಪ್ರೊಬೇಷನ್ ರಿಪೋರ್ಟು ನನ್ನ ಕೈಲಿದೆ."

"ಗೊತ್ತು ಸರ್. ಆದ್ರೂ ಬರೆಯಲ್ಲ."

ಬಿಂದು ಫೋನ್ ಇಟ್ಟಳು. ವಿಡಿಯೋ ಹಿಂದಕ್ಕೆ ಓಡಿಸಿ ಎಲ್ಲರಿಗೂ ಹಿಡಿದು ತೋರಿಸಿದಳು.

"ಆರು ಗಂಟೆ ಐದು ನಿಮಿಷ. ಬಚ್ಚಲ ಶೀಟು ಖಾಲಿ. ಆಮೇಲೆ ಪುಟ್ಟಮಾದಮ್ಮ ನಮ್ಮ ಕಣ್ಣೆದುರೇ ಇದ್ರು. ನಾವೆಲ್ಲ ಒಳಗಿದ್ವಿ. ನಮ್ಮ ಜೊತೆ ಬಂದವರಲ್ಲಿ ಹೊರಗಿದ್ದವರು ಒಬ್ಬರೇ, ಜೇಬು ತೋರಿಸದೆ ಇದ್ದವರು. ಪೆಟ್ಟಿಗೆ ಎಲ್ಲಿದೆ ಅಂತ ಹೇಳಿದವರೂ ಅವರೇ."

ಸುದರ್ಶನ ಓಡಿದ. ಓಣಿಯ ಕೊನೆಯಲ್ಲಿ ಶಿವಮಲ್ಲಪ್ಪ ಹಿಡಿದು ಕೈ ಎತ್ತಿದ.

"ಹೊಡೀಬೇಡಿ," ಅಂದಳು ಬಿಂದು. "ಕಾನೂನು ಇವನಿಗೂ ಒಂದೇ."

ಸುದರ್ಶನ ಬಾಯಿಬಿಟ್ಟ. ಅವನ ದೊಡ್ಡಮ್ಮ ಸುಂದರಮ್ಮ ಆ ಎಲೆಗಳನ್ನು ಮ್ಯೂಸಿಯಮ್ಮಿಗೆ ಕೊಡುವವರಿದ್ದರು. ಅಷ್ಟರಲ್ಲಿ ಮಾರಿಬಿಡೋಣ ಅಂತ ಕದ್ದಿದ್ದ. ದೂರು ದಾಖಲಾದದ್ದೇ ತಡ, ಕೊಳ್ಳುವವನು ಹಿಂಜರಿದ. ಮಾಲು ಕೈಯಲ್ಲುಳಿಯಿತು. ತಪ್ಪು ಹೊರಿಸಲು ಬಡವಳ ಮನೆ ಕಂಡಿತು.

ಬಂಧನಕ್ಕೆ ಕಾರಣ ಬರೆದುಕೊಟ್ಟು ಬಿಂದು ಕೇಳಿದಳು: "ಯಾರಿಗೆ ತಿಳಿಸಬೇಕು?"

"ದೊಡ್ಡಮ್ಮಂಗೆ ಮಾತ್ರ ಬೇಡ," ಅಂದ ಸಣ್ಣ ದನಿಯಲ್ಲಿ.

ದೂರು ಕೊಟ್ಟವರಿಗೆ ಹೇಳದಿರಲು ಆಗುತ್ತದೆಯೇ? ಬಿಂದು ಫೋನಿನಲ್ಲಿ ಎಲ್ಲ ಹೇಳಿದಳು. "ನಾಳೆ ಎಂದಿನ ಹಾಗೆ ಕೆಲಸಕ್ಕೆ ಬರೋಕೆ ಹೇಳಮ್ಮ ಅವಳಿಗೆ," ಅಂದರು ಸುಂದರಮ್ಮ.

ಸ್ಪೀಕರ್ ಆನ್ ಇದ್ದುದರಿಂದ ಪುಟ್ಟಮಾದಮ್ಮನಿಗೂ ಅದು ಕೇಳಿಸಿತು.

"ಬರಕಿಲ್ಲ ಅಂತ ಹೇಳಿ. ಬೀದಿಯೆಲ್ಲ ನೋಡ್ತಿದ್ದಂಗೇ ನನ್ನ ಟ್ರಂಕು ಕೆದಕಿದ್ರಿ. ಅವ್ರೂ ಇದೇ ಬೀದೀಲಿ ನಿಂತ್ಕೊಂಡು ಹೇಳ್ಲಿ, ನಾನು ಕಳ್ಳಿ ಅಲ್ಲ ಅಂತ."

ಬಿಂದು ಫೋನನ್ನು ಅವಳತ್ತ ಹಿಡಿದಿದ್ದಳು. "ಕೇಳಿಸ್ತಾ ಅಮ್ಮ?"

"ಕೇಳಿಸ್ತು," ಅಂದರು ಸುಂದರಮ್ಮ. "ಆಟೋ ಹಿಡಿದು ಬರ್ತೀನಿ."