ಸಂಗಮೇಶ ಕೊಟ್ಟ ರೇಯ್ಡ್ ಕಾರ್ಡ್

ನನ್ನ ಎಡಗೈಯ ಮೂರು ಬೆರಳು ಸರ್ವರ್ ಮುಚ್ಚಳದ ಕೆಳಗಿದ್ವು.

ಮುಚ್ಚಳದ ಮೇಲೆ ಸಂಗಮೇಶನ ಬೂಟು.

“ಕಾರ್ಡ್ ಕೊಡು ಕಾಂತೇಶ.”

“ಕೊಡಲ್ಲ.”

ಬೂಟು ಒತ್ತಿತು. ಒಂದು ಬೆರಳು ಲಟಕ್ ಅಂತು. ಕಣ್ಣಿಗೆ ಕತ್ತಲೆ ಬಂತು...

ಕಾರ್ಡ್ ನನ್ನ ಷರ್ಟಿನೊಳಗಿತ್ತು. ಬಗ್ಗಿ ತೆಗೆಯೋಕೆ ಅವನಿಗೆ ಧೈರ್ಯ ಇಲ್ಲ. ನನ್ನ ಬಲಗೈಲಿ ಸ್ಕ್ರೂಡ್ರೈವರ್ ಇತ್ತು.

ಕುಣಿಗಲ್ಲಲ್ಲಿ ಅವನ ಗೋಡೌನು. 2003ರ ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಹೊರಗೆ ಲಾರಿಗಳ ಸದ್ದು. ಕೂಗಿದ್ರೂ ಯಾರಿಗೂ ಕೇಳಲ್ಲ.

ನಾನು ತುಮಕೂರಲ್ಲಿ ಕೆಟ್ಟ ಸರ್ವರ್ ರಿಪೇರಿ ಮಾಡೋನು. ಸಂಗಮೇಶ ಹೊಸ ಸರ್ವರ್ ಮಾರೋನು. ಊರಿನ ಒಂದು ಬ್ಲಡ್ ಬ್ಯಾಂಕಿನವರು ಲಿನಕ್ಸ್ ಸರ್ವರ್ ಹಾಕಿಸುವಾಗ ಯಾವ ರೇಯ್ಡ್ ಕಾರ್ಡ್ ತಗೋಬೇಕು ಅಂತ ನನ್ನ ಕೇಳಿದ್ರು. ಎರಡು ಡಿಸ್ಕಿಗೂ ಒಂದೇ ದಾಖಲೆ ಬರೆಯೋ ಕಾರ್ಡ್ ಅದು. ಒಂದು ಸತ್ರೆ ಇನ್ನೊಂದು ಉಳೀಬೇಕು.

ಬರ್ಕೊಟ್ಟೆ. ಕಾರ್ಡಿಗೆ ಸ್ವಂತ ಪ್ರೊಸೆಸರ್ ಇರ್ಬೇಕು. ಕರೆಂಟ್ ಹೋದ್ರೆ ದಾಖಲೆ ಕೆಡದ ಹಾಗೆ ತಡೆಯೋಕೆ ಬ್ಯಾಟರಿ ಇರ್ಬೇಕು. ಕಾರ್ಡ್ ನಡೆಸೋ ಡ್ರೈವರ್ ಪ್ರೋಗ್ರಾಮು ಲಿನಕ್ಸ್ ಒಳಗೇ ಬಂದಿರ್ಬೇಕು, ಯಾವನೋ ಕೊಟ್ಟ ಫ್ಲಾಪಿಯಲ್ಲಲ್ಲ.

ಸಂಗಮೇಶ ಸರ್ವರ್ ತಂದಿಟ್ಟ. ಆರು ತಿಂಗಳು ಓಡ್ತು.

ಆಮೇಲೆ ಒಂದು ಡಿಸ್ಕ್ ನಿಂತೋಯ್ತು. ಕಾರ್ಡ್ ಬಾಯಿ ಬಿಡ್ಲಿಲ್ಲ. ಮೂರು ವಾರ ಬಿಟ್ಟು ಕರೆಂಟ್ ಹೋಗಿ ಬಂತು. ನಿಂತಿದ್ದ ಡಿಸ್ಕ್ ಎದ್ದು ಕೂತ್ಕೊಂತು. ಕಾರ್ಡು ಅದನ್ನೇ ಸರಿ ಅಂದ್ಕೊಂಡು ಒಳ್ಳೇ ಡಿಸ್ಕಿನ ಮೇಲೆ ಬರೆದುಬಿಡ್ತು. ಮೂರು ವಾರದ ದಾಖಲೆ ಅಳಿಸಿಹೋಯ್ತು. ಹೊಸ ರಕ್ತದ ಚೀಲಗಳಿಗೆ ಆ ಮೂರು ವಾರದ ನಂಬರೇ ಮತ್ತೆ ಬಿತ್ತು.

ಒಂದೇ ನಂಬರಿನ ಎರಡು ಚೀಲ... ಒಂದು ಎ ಗುಂಪು, ಇನ್ನೊಂದು ಬಿ.

ನಿಟ್ಟೂರಿನ ತ್ರಿವೇಣಿ ಹೆರಿಗೆಗೆ ಅಂತ ಆಸ್ಪತ್ರೆಗೆ ಬಂದಿದ್ಲು. ರಕ್ತ ನಿಲ್ಲಲಿಲ್ಲ. ಅವಸರದಲ್ಲಿ ಕಂಪ್ಯೂಟರ್ ಚೀಟಿ ನಂಬಿ ಚೀಲ ಏರಿಸಿದ್ರು. ತಪ್ಪು ಗುಂಪು.

ಸಂಜೆಯೊಳಗೆ ಹೋದ್ಲು. ಮಗು ಉಳೀತು.

ಮರುದಿನವೇ ಸಂಗಮೇಶ ಸರ್ವೀಸ್ ಅಂತ ಸರ್ವರ್ ಹೊತ್ಕೊಂಡು ಹೋದ. ನಾನು ಹಿಂದೇನೇ ಬಂದೆ. ಅವನು ಊಟಕ್ಕೆ ಹೋದಾಗ ಒಳಗೆ ನುಗ್ಗಿ ಮುಚ್ಚಳ ತೆಗೆದೆ. ಪ್ರೊಸೆಸರ್ ಇರ್ಬೇಕಾದ ಜಾಗದಲ್ಲಿ ಅಂಟಿಸಿದ ಅಲ್ಯೂಮಿನಿಯಂ ತುಂಡು. ಕೆಳಗೆ ಏನೂ ಇಲ್ಲ. ಬ್ಯಾಟರಿ ಡಬ್ಬ ಖಾಲಿ. ಕಾರ್ಡ್ ಕಿತ್ತು ಷರ್ಟಿನೊಳಗೆ ಹಾಕ್ಕೊಂಡೆ. ಮುಚ್ಚಳ ವಾಪಸ್ ಕೂರಿಸ್ತಿದ್ದಾಗ ಬಿತ್ತು ಬೂಟು.

“ಕೇಸ್ ಹಾಕ್ತೀಯ?” ಸಂಗಮೇಶ ಜೇಬಿಂದ ಒಂದು ಕಾಗದ ತೆಗೆದ. “ಓದು.”

ಸರ್ವರ್ ಕೂರಿಸಿದ ದಿನದ ರಿಪೋರ್ಟು. ‘ಕಾರ್ಡ್ ಪರೀಕ್ಷಿಸಲಾಗಿದೆ.’ ಕೆಳಗೆ ನನ್ನ ಸೈನು.

“ಅವತ್ತು ಮುಚ್ಚಳ ತೆಗೆದು ನೋಡಿದ್ಯೇನ್ಲಾ?”

ನೋಡಿರ್ಲಿಲ್ಲ. ಗುಬ್ಬೀಲಿ ಇನ್ನೊಂದು ಕೆಲಸ ಕಾಯ್ತಿತ್ತು.

“ಕಾರ್ಡು, ಕಾಗದ ಎರಡನ್ನೂ ಒಟ್ಟಿಗೆ ಸುಡೋಣ. ನೀನೂ ಉಳೀತೀಯ, ನಾನೂ ಉಳೀತೀನಿ. ಹೋದೋಳು ವಾಪಸ್ ಬರ್ತಾಳಾ?”

ಒಂದು ಗಳಿಗೆ ಯೋಚಿಸಿದೆ. ಸುಳ್ಳು ಹೇಳಲ್ಲ.

ಸ್ಕ್ರೂಡ್ರೈವರ್ ಕೆಳಗಿಟ್ಟೆ. “ಸರಿ. ಕಾಲು ತೆಗಿ.”

ತೆಗೆದ.

ನಾನು ಮತ್ತೆ ಎತ್ಕೊಂಡೆ. ಅವನ ಮೀನಖಂಡಕ್ಕೆ ಹಿಡಿಯವರೆಗೂ ಇಳಿಸಿದೆ. ತಿರುವಿದೆ. ಅವನು ಕುಸಿದ. ಕಾಗದ ಕಿತ್ಕೊಂಡು ಓಡಿದೆ.

ಅವನ ಡ್ರೈವರ್ ದ್ಯಾವಪ್ಪ ಜೀಪ್ ಹತ್ತಿದ. ನನ್ನ ಬೈಕಿನ ಕ್ಲಚ್ ಹಿಡಿಯೋಕೆ ಎಡಗೈಲಿ ಉಳಿದಿದ್ದು ಒಂದು ಬೆರಳು, ಜೊತೆಗೆ ಹೆಬ್ಬೆಟ್ಟು. ಹೆಬ್ಬೂರು ದಾಟೋವರೆಗೂ ಜೀಪ್ ಬೆನ್ನಿಗಿತ್ತು. ಒಂದ್ಸಲ ಗುದ್ದಿತು. ಬೀಳಲಿಲ್ಲ. ಎರಡನೇ ಸಲ ಗುದ್ದೋಕೆ ಬಂದಾಗ ಎದುರಿಗೆ ಬಸ್ಸು... ಜೀಪ್ ಹಳ್ಳಕ್ಕೆ ಇಳೀತು. ದ್ಯಾವಪ್ಪ ಕಿರುಚಿದ್ದು ಕೇಳಿಸ್ತು.

ನಾನು ನಿಲ್ಲಿಸಲಿಲ್ಲ.

ಪೊಲೀಸ್ ಸ್ಟೇಷನ್ನಿಗೂ ಮೊದಲು ನಿಟ್ಟೂರಿಗೆ ಹೋದೆ. ತ್ರಿವೇಣಿಯ ಅಪ್ಪ ಗಂಗಹನುಮಯ್ಯ ಜಗಲಿ ಮೇಲೆ ಮಗು ಮಲಗಿಸ್ಕೊಂಡು ಕೂತಿದ್ರು. ನಡೆದದ್ದೆಲ್ಲ ಹೇಳಿದೆ. ಕಾರ್ಡನ್ನ ಅಂಗೈಲಿಟ್ಟು ನೋಡಿದ್ರು.

“ಇಷ್ಟೇನಾ?”

ಕಾಗದಾನೂ ಕೊಟ್ಟೆ.

“ಈ ಸೈನು ಯಾರ್ದಪ್ಪ?”

“ನಂದು.”

ಅವರು ಬಯ್ಯಲಿಲ್ಲ. ಹೊಡೀಲಿಲ್ಲ. ಮಗು ಎತ್ಕೊಂಡು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಹೊಡೆದಿದ್ರೆ ಚೆನ್ನಾಗಿರ್ತಿತ್ತು.

ಮರುದಿನ ಎರಡನ್ನೂ ಅವರೇ ಸ್ಟೇಷನ್ನಿಗೆ ಒಯ್ದ್ರು. ಸಂಗಮೇಶ ಒಂದನೇ ಆರೋಪಿ. ನಾನು ಎರಡನೇ.

ಕಾರ್ಡಿಗೆ ನನ್ನ ಸೈನಿರೋ ಕಾಗದ ಸುತ್ತಿ, ಅರಗಿನ ಸೀಲ್ ಹಾಕಿ ಕೋರ್ಟಿನ ಬೀರುವಲ್ಲಿ ಇಟ್ಟವ್ರೆ. ಆ ಕಾರ್ಡು ಭದ್ರವಾಗಿ ಉಳಿಸ್ಕೊಂಡ ದಾಖಲೆ ಅದೊಂದೇ.