ನಷ್ಟ ಪೂರ್ತಿ, ಚಹಾ ಎರಡೇ ಗುಟುಕು

ನಾರಿನ್ ಪಟ್ಟಣದ ಸೇತುವೆ ಕಂಪನಿಯ ಕಚೇರಿಯಲ್ಲಿ ಬೇಗಿಮಾಯ್ ಅಂದು ಎಮಿಲ್‌ಬೆಕ್‌ನ ಚಹಾ ಬಟ್ಟಲನ್ನು ಅಂಚಿನವರೆಗೂ ತುಂಬಿಸಿ ಕೊಟ್ಟಳು. ಅವನು ಬಟ್ಟಲನ್ನೂ ನೋಡಿದ, ಅವಳನ್ನೂ ನೋಡಿದ. ಟೋಪಿ ಎತ್ತಿಕೊಂಡು ಹೊರಟುಹೋದ.

ಆ ಸೀಮೆಯಲ್ಲಿ ಬೇಕಾದ ಅತಿಥಿಗೆ ಚಹಾ ಒಮ್ಮೆಗೆ ಎರಡೇ ಗುಟುಕು. ಬಟ್ಟಲು ಬರಿದಾಗುತ್ತಿರಬೇಕು, ಮಾತು ಬೆಳೆಯುತ್ತಿರಬೇಕು. ತುಂಬಿಸಿ ಕೊಟ್ಟರೆ ಇನ್ನು ಹೊರಡಿ ಎಂದೇ ಅರ್ಥ. ಸೈಟ್ ಎಂಜಿನಿಯರ್ ಎಮಿಲ್‌ಬೆಕ್ ತಿಂಗಳ ಕೊನೆಗೊಮ್ಮೆ ಕೆಲಸದ ಲೆಕ್ಕ ಕೊಡಲು ಬರುತ್ತಿದ್ದ. ಐದು ನಿಮಿಷದ ಕೆಲಸಕ್ಕೆ ಇಡೀ ಮಧ್ಯಾಹ್ನ ಕೂತು ಬಟ್ಟಲು ಚಾಚುತ್ತಲೇ ಇರುತ್ತಿದ್ದ. ಅಕೌಂಟೆಂಟ್ ಬೇಗಿಮಾಯ್ ಬೆರಳು ತಾಕದ ಹಾಗೆ ಎಚ್ಚರವಾಗಿ ಬಟ್ಟಲು ಕೊಡುತ್ತಿದ್ದಳು. ಆ ಎಚ್ಚರವೇ ಅವಳ ಗುಟ್ಟನ್ನು ಬಿಟ್ಟುಕೊಡುತ್ತಿತ್ತು.

"ಮನೆಗೆ ಅಳಿಯನಾಗೋನನ್ನ ಅಟ್ಟಿಬಿಟ್ಟೆಯಲ್ಲೇ," ಎಂದಳು ಕಚೇರಿಯ ಅಡುಗೆಯ ಸೊನುನ್ ಅಜ್ಜಿ.

"ಕೈ ತಪ್ಪಿತು ಅಜ್ಜಿ. ತಲೆ ಎಲ್ಲೋ ಇತ್ತು."

ತಲೆ ಇದ್ದದ್ದು ಸೇತುವೆಯ ಮೂರನೆಯ ಕಂಬದ ಬುಡದಲ್ಲಿ. ನದಿಯ ತಳದಲ್ಲಿ ಬಂಡೆಯ ಬದಲು ಮೆತ್ತನೆ ಮಣ್ಣು ಸಿಕ್ಕಿತ್ತು. ಅಡಿಪಾಯ ಇನ್ನೂ ಆಳಕ್ಕಿಳಿಸಿದರೆ ಒಪ್ಪಂದದ ಹಣ ಸಾಲದು, ಗುತ್ತಿಗೆಯೇ ನಷ್ಟಕ್ಕೆ ಬೀಳುತ್ತದೆ. ಎಮಿಲ್‌ಬೆಕ್ ಅದನ್ನು ಹೇಳಿ, ಒಂದು ಮಾತು ಕೇಳಿದ್ದ.

"ಕೆಲಸ ಅರ್ಧ ಆಗಿದೆ. ನಷ್ಟನೂ ಅರ್ಧ ತೋರಿಸಿ. ಉಳಿದದ್ದು ಸೇತುವೆ ಮುಗಿದಾಗ ನೋಡೋಣ."

"ಲಾಭ ಆದ್ರೆ ಕೆಲಸ ಆದಷ್ಟೇ ಬರೀತೀನಿ. ನಷ್ಟ ಬರುತ್ತೆ ಅಂತ ಗೊತ್ತಾದ ದಿನವೇ ಪೂರ್ತಿ ಬರೀಬೇಕು, ಲೆಕ್ಕದ ನಿಯಮವೇ ಹಾಗೆ."

"ಪೂರ್ತಿ ಬರೆದ್ರೆ ನನ್ನನ್ನ ಇಲ್ಲಿಂದ ಎತ್ತಿ ದೂರದ ಓಶ್ ಊರಿಗೆ ಹಾಕ್ತಾರೆ."

ಆ ಮಾತು ಕಿವಿಗೆ ಬಿದ್ದಾಗಲೇ ಅವಳ ಕೈಯಲ್ಲಿ ಚಹಾ ಕೆಟಲ್ ಇತ್ತು.

ಅವನು ಇಲ್ಲೇ ಉಳಿಯಲಿ ಎಂಬ ಆಸೆ ಅವನಿಗಿಂತ ಅವಳಿಗೇ ಹೆಚ್ಚಿತ್ತು. ಅರ್ಧ ಬರೆದರೆ ಸೇತುವೆ ಮುಗಿಯುವ ವಸಂತದವರೆಗೂ ಯಾರಿಗೂ ತಿಳಿಯದು. ಆದರೆ ಅಷ್ಟರಲ್ಲಿ ಕಂಪನಿ ಇಲ್ಲದ ಹಣವನ್ನು ನಂಬಿ ಇನ್ನೊಂದು ಸೇತುವೆಗೆ ಕೈಹಾಕುತ್ತದೆ, ಕೂಲಿಯವರ ಸಂಬಳಕ್ಕೆ ಕುತ್ತು ಬರುತ್ತದೆ. ಬೇಗಿಮಾಯ್ ನಷ್ಟವನ್ನು ಪೂರ್ತಿ ಬರೆದಳು. ಬರೆದು ಅತ್ತಳು. ಆಮೇಲೆ ಮುಖ ತೊಳೆದು, ಕೆಟಲನ್ನೂ ಒಂದು ಬಟ್ಟಲನ್ನೂ ಶಾಲಿನಲ್ಲಿ ಸುತ್ತಿಕೊಂಡು ನದಿಯ ಕಡೆ ನಡೆದಳು.

ಅವನು ಮೂರನೆಯ ಕಂಬದ ಹತ್ತಿರ ಒಬ್ಬನೇ ನಿಂತಿದ್ದ.

"ಪೂರ್ತಿ ಬರೆದೆ," ಎಂದಳು.

"ಬಟ್ಟಲು ನೋಡಿದಾಗಲೇ ಗೊತ್ತಾಯ್ತು."

"ಬಟ್ಟಲು ತುಂಬಿದ್ದು ಕೈ ತಪ್ಪಿ. ನಷ್ಟ ಬರೆದದ್ದು ತಿಳಿದೇ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ."

ಅವನು ನದಿಯ ಕಡೆ ಮುಖ ತಿರುಗಿಸಿದ. "ಓಶ್‌ಗೆ ಹೋದ್ರೆ ತಿಂಗಳ ಕೊನೆಗೆ ನಿಮ್ಮ ಮುಂದೆ ಬಂದು ಕೂರೋಕೆ ನನಗೆ ನೆಪ ಇರಲ್ಲ. ಅದಕ್ಕೇ ಅರ್ಧ ಬರೀರಿ ಅಂದೆ. ಕೇಳಬಾರದಿತ್ತು."

"ನೆಪ ಯಾಕೆ? ಹಿರಿಯರನ್ನ ಕರ್ಕೊಂಡು ನಮ್ಮಪ್ಪನ ಹತ್ರ ಬನ್ನಿ."

ಎಮಿಲ್‌ಬೆಕ್ ತಿರುಗಿ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ, ಕಿವಿಗಳು ಮಾತ್ರ ಕೆಂಪಾಗಿದ್ದವು.

"ಇದನ್ನೂ ಒಂದೇ ಸಲ ಪೂರ್ತಿ ಹೇಳಿಬಿಟ್ರಲ್ಲ. ಇದು ನಷ್ಟದ ಬಾಬತ್ತಾ?"

"ನಷ್ಟ ನಮ್ಮಪ್ಪನಿಗೆ, ಮಗಳು ಹೋಗ್ತಾಳಲ್ಲ," ಎಂದಳು ಬೇಗಿಮಾಯ್.

ಅವನು ನಕ್ಕ. ಅವಳು ಶಾಲು ಬಿಚ್ಚಿ ಬಟ್ಟಲಿಗೆ ಎರಡೇ ಗುಟುಕು ಚಹಾ ಹಾಕಿ ಕೊಟ್ಟಳು. ಈ ಸಲ ಬೆರಳು ತಾಕಿತು, ಅವಳು ಕೈ ಹಿಂದೆಗೆಯಲಿಲ್ಲ. ಅವನು ಕುಡಿದು, ಬಟ್ಟಲನ್ನು ಮತ್ತೆ ಚಾಚಿದ.