ಕೈಯಿಂದ ಓಡಿಸಿದರೆ ಕೂಗುವ ಸೈರನ್

ಶೀತಲಗೃಹದೊಳಗೆ ಸಿಕ್ಕಿಕೊಂಡು ಸತ್ತ ಹಮಾಲಿಯ ಹೆಂಡತಿ ಸೋಮವಾರ ಬೆಳಿಗ್ಗೆ ಎರಡನೇ ದೂರು ಹಿಡಿದು ಠಾಣೆಗೆ ಬಂದಳು. ಮೊದಲ ದೂರು ಗಂಡನ ಸಾವಿನದು. ಅದರ ಮೇಲೆ ಎಫ್‌ಐಆರ್ ದಾಖಲಾಗಿ, ಪೊಲೀಸರು ಎಳೆದು ತಂದದ್ದು ಅಲ್ಲೇ ಹಮಾಲಿ ಮಾಡುತ್ತಿದ್ದ ಅವಳ ಸ್ವಂತ ತಮ್ಮನನ್ನು.

"ಬಾಗಿಲಿಗೆ ಚಿಲಕ ಹಾಕಿದ್ದು ಅವನೇ ಸಾರ್, ಇಲ್ಲ ಅನ್ನಲ್ಲ. ಭಾವ ಒಳಗಿರೋದು ಅವನಿಗೆ ಗೊತ್ತಿರ್ಲಿಲ್ಲ. ಆದ್ರೆ ಒಳಗಿದ್ದೋರು ಬೆಲ್ ಒತ್ತಿರ್ತಾರಲ್ಲ? ಅದ್ಯಾಕೆ ಕೂಗ್ಲಿಲ್ಲ? ಗಂಡನ್ನಂತೂ ಕಳ್ಕೊಂಡೆ. ತಮ್ಮನ್ನೂ ಜೈಲಿಗೆ ಹಾಕ್ತೀರಾ?"

ಇನ್‌ಸ್ಪೆಕ್ಟರ್ ಕಡತ ತೆರೆದರು. ಸತ್ತವನು ಬೆಲ್ ಒತ್ತಿದ್ದನೆಂಬುದು ಶವದ ಪಂಚನಾಮೆಯಲ್ಲೇ ಇತ್ತು: ಬಲ ಹೆಬ್ಬೆರಳಿನ ಚರ್ಮ ಕಿತ್ತು ಗುಂಡಿಯ ಲೋಹಕ್ಕೆ ಅಂಟಿಕೊಂಡಿತ್ತು. ಆದರೆ ಸ್ಥಳ ಪಂಚನಾಮೆಯಲ್ಲಿ 'ಸೈರನ್ ಸುಸ್ಥಿತಿಯಲ್ಲಿದೆ' ಎಂದು ಬರೆದು ಸಹಿ ಹಾಕಿದವರೂ ಅವರೇ. ಅಂದು ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವವನು ಕೀಲಿ ಒತ್ತಿ ತೋರಿಸಿದ್ದ, ಅದು ಕಿವಿ ಹರಿಯುವಂತೆ ಕೂಗಿತ್ತು.

ಅವರು ಇಬ್ಬರು ಕಾನ್‌ಸ್ಟೆಬಲ್‌ಗಳನ್ನೂ ಇಲಾಖೆಯ ಕಂಪ್ಯೂಟರ್ ತಜ್ಞೆಯನ್ನೂ ಕರೆದುಕೊಂಡು ಮತ್ತೆ ಹೊರಟರು.

ಶೀತಲಗೃಹದ ಬಾಗಿಲಿನ ಒಳಹಿಡಿ ಎಂದೋ ಮುರಿದಿತ್ತು. ಮಾಲೀಕ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ, ಬೆಲ್ ಇದೆಯಲ್ಲ ಎಂದಿದ್ದ. ಅವನ ಮೇಲೂ ನಿರ್ಲಕ್ಷ್ಯದ ಕೇಸು ಬಿದ್ದಿತ್ತು. ಒಳಗಿನ ಗುಂಡಿ ಒತ್ತಿದರೆ ಸೈರನ್ ಕೂಗಿಸಬೇಕಾದದ್ದು ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಸಾಲುಸಾಲಾಗಿ ಬರೆದಿಟ್ಟ ಆದೇಶ. ಕಂಪ್ಯೂಟರಿನ ಗಡಿಯಾರ ನಿಮಿಷಕ್ಕೊಮ್ಮೆ ಅದನ್ನು ತಾನಾಗಿಯೇ ಓಡಿಸುತ್ತಿತ್ತು. ಅದನ್ನು ಬರೆದವನು ಅಂದು ಕೀಲಿ ಒತ್ತಿ ತೋರಿಸಿದವನೇ; ಅವನಿಗೆ ಹಮಾಲಿಗಳು ಇಟ್ಟ ಹೆಸರು ಸೈರನ್ ಸಾಹೇಬ.

"ಈ ಸಲ ನೀವು ಏನೂ ಮುಟ್ಟಬೇಡಿ," ಎಂದು ಅವನಿಗೆ ಹೇಳಿದರು ಇನ್‌ಸ್ಪೆಕ್ಟರ್.

ಒಬ್ಬ ಕಾನ್‌ಸ್ಟೆಬಲ್ ಒಳಗೆ ಹೋಗಿ ಗುಂಡಿ ಅದುಮಿ ಹಿಡಿದ. ನಿಮಿಷ ಕಳೆಯಿತು, ಇನ್ನೊಂದು ಕಳೆಯಿತು. ಅವನು ನಡುಗುತ್ತ ಹೊರಬಂದರೂ ಸೈರನ್ ಉಸಿರೆತ್ತಲಿಲ್ಲ.

"ಈಗ ನೀವು ಓಡಿಸಿ."

ಇನ್ನೊಬ್ಬ ಕಾನ್‌ಸ್ಟೆಬಲ್ ಒಳಗೆ ಹೋಗಿ ಗುಂಡಿ ಅದುಮಿದ, ಸಾಹೇಬ ಕೀಲಿ ಒತ್ತಿದ. ಸೈರನ್ ಅರಚಿತು.

"ಇದ್ಯಾಕೆ ಹೀಗೆ?"

"ಮೆಷಿನ್ ಅಲ್ವಾ ಸಾರ್. ಒಂದೊಂದ್ಸಲ ಹಟ ಮಾಡುತ್ತೆ."

ತಜ್ಞೆ ಅವನನ್ನು ಎಬ್ಬಿಸಿ ತಾನು ಕೂತಳು. ಸ್ಕ್ರಿಪ್ಟನ್ನು ಒಮ್ಮೆ ಕೈಯಿಂದ, ಒಮ್ಮೆ ಗಡಿಯಾರದಿಂದ ಓಡಿಸಿ, ಒಂದೊಂದು ಸಾಲೂ ಏನು ಮಾಡುತ್ತದೆಂದು ಪರದೆಯ ಮೇಲೆ ಪಕ್ಕಪಕ್ಕ ಇಟ್ಟಳು.

"ಸೈರನ್ನಿನ ವಿಳಾಸ ಸ್ಕ್ರಿಪ್ಟ್ ಒಳಗಿಲ್ಲ ಸಾರ್. ಇವರು ಲಾಗಿನ್ ಆದಾಗ ತೆರೆಯೋ ಇವರದೇ ಫೈಲಲ್ಲಿದೆ. ಇವರು ಓಡಿಸಿದ್ರೆ ವಿಳಾಸ ಸಿಗುತ್ತೆ. ಗಡಿಯಾರ ಆ ಫೈಲ್ ಓದಲ್ಲ, ಅದಕ್ಕೆ ಸಿಗೋದು ಖಾಲಿ. ವಿಳಾಸ ಇಲ್ಲ ಅಂತ ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ಬಾಯಿ ಬಡ್ಕೊಂಡಿದೆ. ಆದ್ರೆ ಅಂಥ ದೂರನ್ನೆಲ್ಲ ಎಸೆದುಬಿಡು ಅಂತ ಇವರೇ ಬರೆದಿದ್ದಾರೆ."

"ಯಾವಾಗ?"

"ಹೋದ ತಿಂಗಳು. ಸ್ಕ್ರಿಪ್ಟಿಂದ ವಿಳಾಸ ತೆಗೆದಿದ್ದು, ದೂರು ಎಸೆಯೋಕೆ ಬರೆದಿದ್ದು, ಎರಡೂ ಒಂದೇ ದಿನ."

"ಎಲ್ರೂ ಮಾಡೋ ತಪ್ಪು ಸಾರ್," ಎಂದ ಸಾಹೇಬ. "ಕೈಯಿಂದ ಓಡಿಸಿ ನೋಡ್ದೆ, ಕೂಗ್ತು, ಬಿಟ್ಟೆ."

"ಅದೂ ನಿಜ," ಎಂದಳು ತಜ್ಞೆ. "ನಾನೂ ಮಾಡಿದ್ದೀನಿ."

ತಪ್ಪಿಗೆ ಕೊಲೆ ಕೇಸು ಹಾಕಲಾಗದು. ಇನ್‌ಸ್ಪೆಕ್ಟರ್ ಸಿಡಿಮಿಡಿಗೊಂಡು ಹೊರಬಂದವರು ಶೀತಲಗೃಹದ ಬಾಗಿಲ ಬಳಿ ಬಿದ್ದಿದ್ದ ಮರದ ತುಂಡನ್ನು ಎಡವಿದರು.

"ಯಾರದಯ್ಯ ಇದು?"

"ಸಾಹೇಬ್ರದು ಸಾರ್," ಎಂದ ಕಾವಲುಗಾರ. "ಥರ್ಮಾಮೀಟರ್ ನೋಡೋಕೆ ಒಳಗೆ ಹೋಗುವಾಗ ಬಾಗಿಲಿಗೆ ಕೊಟ್ಕೋತಾರೆ, ಮುಚ್ಚಿಕೊಳ್ಳದ ಹಾಗೆ."

"ಮುಂಚಿನಿಂದಾನಾ?"

"ಇಲ್ಲ, ಹೋದ ತಿಂಗಳಿಂದ."

ಇನ್‌ಸ್ಪೆಕ್ಟರ್ ಆ ತುಂಡನ್ನು ತಂದು ಕೀಲಿಮಣೆಯ ಮೇಲೇ ಇಟ್ಟರು.

"ಬೆಲ್ ಸರಿಯಿದೆ ಅಂತ ನಂಬಿದ್ದೋನಿಗೆ ಇದು ಯಾಕೆ ಬೇಕಾಯ್ತು?"

ಸಾಹೇಬನ ಮುಖ ಹುಳ್ಳಗಾಯಿತು. ಅವನು ತುಂಡನ್ನು ನೋಡಿದ, ಬಾಗಿಲನ್ನು ನೋಡಿದ. ತುಂಡನ್ನು ಜಪ್ತಿ ಮಾಡಿ ಹೊಸ ಪಂಚನಾಮೆ ಬರೆಯಲಾಯಿತು. ಮಧ್ಯಾಹ್ನದೊಳಗೆ ಬಂಧನವಾಯಿತು.

ಠಾಣೆಯಲ್ಲಿ ಅವನೇ ಎಲ್ಲ ಹೇಳಿದ. ಹಮಾಲಿಗಳು ತಮಾಷೆಗೆಂದು ಗುಂಡಿ ಒತ್ತುತ್ತಿದ್ದರು. ಅವನು ಊಟದ ಕೈಯಲ್ಲೇ ಮೆಟ್ಟಿಲಿಳಿದು ಓಡಿ ಬರುತ್ತಿದ್ದ. ಅವರು ಹೊಟ್ಟೆ ಹಿಡಿದು ನಗುತ್ತಿದ್ದರು. ಒಮ್ಮೆ ಅವನು ಎಡವಿ ಬಿದ್ದದ್ದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು. ಅವನ ಮಗಳೂ ಅದನ್ನು ನೋಡಿ ನಕ್ಕಿದ್ದಳು. ಮಾಲೀಕ ಗದರಿಸಿದ ಮೇಲೆ ಆ ಆಟ ನಿಂತಿತು, ಅವನ ಸಿಟ್ಟು ನಿಲ್ಲಲಿಲ್ಲ.

"ಒಂದ್ಸಲ ನಿಜವಾಗ್ಲೂ ಒತ್ತಲಿ, ಯಾರೂ ಬರದೇ ಇರಲಿ ಅನ್ಕೊಂಡೇ ವಿಳಾಸ ತೆಗೆದೆ ಸಾರ್."

"ಸತ್ತೋನು ನಿನ್ನ ನೋಡಿ ನಕ್ಕಿದ್ನಾ?"

"ಇಲ್ಲ. ಆ ಗುಂಪಲ್ಲಿ ಯಾವತ್ತೂ ಒತ್ತದೇ ಇದ್ದೋನು ಅವನೊಬ್ನೇ."

ಸಂಜೆ ತಮ್ಮನನ್ನು ಬಿಟ್ಟರು. ಅಕ್ಕ ಅವನಿಗೆಂದು ಒಗೆದ ಅಂಗಿ ತಂದು ಬೆಂಚಿನ ಮೇಲೆ ಕಾದಿದ್ದಳು. ನಡೆದದ್ದನ್ನು ಇನ್‌ಸ್ಪೆಕ್ಟರ್ ಮುಚ್ಚಿಡದೆ ಹೇಳಿದರು. ಅವಳು ತಮ್ಮನ ಕಡೆ ತಿರುಗಿದಳು.

"ಮೊದ್ಲು ತಮಾಷೆಗೆ ಒತ್ತಿದ್ದು ಯಾರೋ?"

ಅವನು ನೆಲ ನೋಡಿದ. "ನಾನೇ ಅಕ್ಕ. ಭಾವ ಬೇಡ ಅಂತಿದ್ರು."

ಅವಳು ಅಂಗಿಯನ್ನು ಬೆಂಚಿನ ಮೇಲಿಟ್ಟು ಎದ್ದು ನಡೆದಳು. ತಮ್ಮ ಗೇಟಿನವರೆಗೂ ಹಿಂದೆ ಹೋಗಿ "ಅಕ್ಕಾ" ಎಂದು ಕೂಗಿದ, ಮತ್ತೂ ಕೂಗಿದ. ಅವಳು ತಿರುಗಿ ನೋಡಲಿಲ್ಲ.